ಮೂರು ಡೆಸಿಬೆಲ್ಲಿನ ಜಗಳ: ‘ಇನ್ ಯೂಟೆರೊ’ ಪ್ರಕರಣ

ಬೆಳಗಾವಿಯ ಕಾಲೇಜು ಬ್ಯಾಂಡುಗಳು ಎರಡನೇ ರೆಕಾರ್ಡಿಂಗಿಗೆ ಬರುವಾಗ ಹೊತ್ತು ತರುವ ಬೇಡಿಕೆ ಹೆಚ್ಚುಕಡಿಮೆ ಒಂದೇ: ಮೊದಲಿನದು ತೀರಾ ನುಣುಪಾಯಿತು, ಈ ಸಲ ಒರಟಾಗಿರಲಿ. ಕೆಲಸ ಮುಗಿದ ಮೇಲೆ ಕೇಳುಗರಿಂದ ಬರುವ ಮಾತೂ ಒಂದೇ: “ಹಾಡ್ಯಾನ ಖರೆ, ಏನ್ ಹಾಡ್ಯಾನ ತಿಳೀವಲ್ದು.” ಅಮೆರಿಕದ ನಿರ್ವಾಣ ಬ್ಯಾಂಡಿನ ‘ಇನ್ ಯೂಟೆರೊ’ ಆಲ್ಬಮ್ 1993ರಲ್ಲಿ ಸಿಕ್ಕಿಬಿದ್ದದ್ದು ಇದೇ ಎರಡು ಮಾತುಗಳ ನಡುವೆ. ಕರ್ಕಶ ಗದ್ದಲವನ್ನೇ ಸಂಗೀತವಾಗಿಸುವ ಬಗೆಗೆ ನಾಯ್ಸ್ ರಾಕ್ ಎನ್ನುತ್ತಾರೆ. ನಿರ್ವಾಣ ಅಪ್ಪಟ ನಾಯ್ಸ್ ರಾಕ್ ಬ್ಯಾಂಡ್ ಅಲ್ಲ ಎನ್ನುವವರಿದ್ದಾರೆ, ಅವರ ಮಾತು ಸರಿಯೇ. ಆದರೆ ಈ ಆಲ್ಬಮ್ಮಿಗೆ ಅವರು ಆರಿಸಿದ ಕೈ, ಆರಿಸಿದ ವಿಧಾನ, ಎದುರಿಸಿದ ಆಕ್ಷೇಪ ಎಲ್ಲವೂ ನಾಯ್ಸ್ ರಾಕಿನವು. ಯಾವ ದಿನ ಏನಾಯಿತು, ಎಷ್ಟು ಖರ್ಚಾಯಿತು, ಕೊನೆಗೆ ಏನನ್ನು ತಿದ್ದಿದರು ಎಂಬುದೆಲ್ಲ ದಾಖಲಾಗಿರುವ ಪ್ರಕರಣ ಇದು. ಅದಕ್ಕೇ ಇದನ್ನು ಎತ್ತಿಕೊಂಡಿದ್ದೇವೆ.

ಹಿಂದಿನ ಆಲ್ಬಮ್ಮಿನ ಭಾರ

ನಿರ್ವಾಣದ ಮೊದಲ ಆಲ್ಬಮ್ ‘ಬ್ಲೀಚ್’ 1989ರಲ್ಲಿ ಸಬ್ ಪಾಪ್ ಎಂಬ ಸಣ್ಣ ಸಂಸ್ಥೆಯಿಂದ ಬಂತು. ರೆಕಾರ್ಡಿಂಗ್ ಖರ್ಚು 606 ಡಾಲರ್ 17 ಸೆಂಟ್. ಎರಡನೆಯದು ‘ನೆವರ್‌ಮೈಂಡ್’, ಬಿಡುಗಡೆ 1991ರ ಸೆಪ್ಟೆಂಬರ್ 24. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್‌ನ ಆಲ್ಬಮ್ಮನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಬುಚ್ ವಿಗ್ ನಿರ್ಮಾಪಕ, ಮಿಕ್ಸ್ (ಬಿಡಿ ಟ್ರ್ಯಾಕುಗಳನ್ನು ತೂಗಿ ಒಂದಾಗಿಸುವ ಕೆಲಸ) ಆಂಡಿ ವಾಲೆಸ್‌ನದು. ಗಾಯನವನ್ನು ಎರಡೆರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದ್ದರು, ಡ್ರಮ್ಮಿಗೆ ಹೊಳಪು ಕೊಟ್ಟಿದ್ದರು. ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್‌ಗೆ ಆಮೇಲೆ ಆ ನುಣುಪೇ ಬೇಸರ ತಂದಿತು.

ಹಾಗಾಗಿ ಮುಂದಿನ ಆಲ್ಬಮ್ಮಿಗೆ ಅವರು ಹೋದದ್ದು ಶಿಕಾಗೋದ ಸ್ಟೀವ್ ಆಲ್ಬಿನಿಯ ಬಳಿ. ಬಿಗ್ ಬ್ಲ್ಯಾಕ್ ಎಂಬ ಕರ್ಕಶ ಬ್ಯಾಂಡ್ ನಡೆಸಿದವನು. ಪಿಕ್ಸೀಸ್‌ನ 1988ರ ‘ಸರ್ಫರ್ ರೋಸಾ’, ಬ್ರೀಡರ್ಸ್‌ನ ‘ಪಾಡ್’, ಜೀಸಸ್ ಲಿಜರ್ಡ್ ಬ್ಯಾಂಡಿನ ಆಲ್ಬಮ್ಮುಗಳು ಎಲ್ಲ ಅವನ ಕೈಯವು. ನಿರ್ಮಾಪಕ ಎಂದು ಹೆಸರು ಹಾಕಿಸಿಕೊಳ್ಳುವುದು ಅವನಿಗೆ ಆಗುತ್ತಿರಲಿಲ್ಲ, “ರೆಕಾರ್ಡ್ ಮಾಡಿದವನು” ಅಷ್ಟೇ. ಕೆಲಸಕ್ಕೆ ಮೊದಲು ಬ್ಯಾಂಡಿಗೆ ಬರೆದ ಪತ್ರದಲ್ಲಿ ಅವನು ತನ್ನ ಶರತ್ತುಗಳನ್ನು ಬಿಡಿಸಿ ಹೇಳಿದ್ದ. ಆಲ್ಬಮ್ಮಿಗೆ ಒಂದು ವಾರಕ್ಕಿಂತ ಹೆಚ್ಚು ಹಿಡಿದರೆ ಯಾರೋ ಎಡವುತ್ತಿದ್ದಾರೆಂದೇ ಅರ್ಥ. ಮಾರಾಟದಲ್ಲಿ ಪಾಲು ಬೇಡ, ನಳ ಜೋಡಿಸುವವನಿಗೆ ಕೊಡುವ ಹಾಗೆ ಕೆಲಸಕ್ಕೆ ಇಷ್ಟೆಂದು ಕೊಟ್ಟುಬಿಡಿ. 30 ಲಕ್ಷ ಪ್ರತಿ ಮಾರಾಟವಾದರೆ ತನ್ನ ಪಾಲು ಸುಮಾರು 4 ಲಕ್ಷ ಡಾಲರ್ ಆಗುತ್ತದೆಂದು ಲೆಕ್ಕ ಹಾಕಿ, ಅಷ್ಟು ತಗೊಳ್ಳುವುದಿಲ್ಲ ಎಂದ. ಕೊನೆಗೆ ಅವನ ಸಂಭಾವನೆ 1 ಲಕ್ಷ ಡಾಲರ್, ಸ್ಟುಡಿಯೋ ಖರ್ಚು ಸುಮಾರು 24,000.

ಪಾಲಿಲ್ಲದ ಮನುಷ್ಯನಿಗೆ ಮಾರಾಟದ ಚಿಂತೆಯೂ ಇಲ್ಲ. ಅವನು “ಇಲ್ಲ” ಎನ್ನಬಲ್ಲ, ಪತ್ರಿಕೆಯವರ ಮುಂದೆ ಬಾಯಿ ಬಿಚ್ಚಬಲ್ಲ. ಮುಂದೆ ಎರಡೂ ನಡೆದವು.

ಎರಡು ವಾರ, ಹಿಮದ ನಡುವೆ

ರೆಕಾರ್ಡಿಂಗ್ ನಡೆದದ್ದು 1993ರ ಫೆಬ್ರವರಿಯಲ್ಲಿ, ಮಿನೆಸೋಟಾದ ಕ್ಯಾನನ್ ಫಾಲ್ಸ್ ಊರಿನ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ. ಊರ ಹೊರಗಿನ ಮನೆ, ಸುತ್ತ ಹಿಮ. ಗುಟ್ಟು ಬಯಲಾಗದಿರಲೆಂದು ‘ಸೈಮನ್ ರಿಚಿ ಬ್ಲೂಗ್ರಾಸ್ ಆನ್ಸಾಂಬಲ್’ ಎಂಬ ಸುಳ್ಳು ಹೆಸರಿನಲ್ಲಿ ಬುಕ್ ಮಾಡಿದ್ದರು. ಆರು ದಿನದಲ್ಲಿ ರೆಕಾರ್ಡಿಂಗ್, ಐದು ದಿನದಲ್ಲಿ ಮಿಕ್ಸಿಂಗ್. ಗಾಯನದ ಬಹುಪಾಲು ಸುಮಾರು ಆರು ಗಂಟೆಯಲ್ಲಿ ಮುಗಿಯಿತು. ಬ್ಯಾಂಡಿನ ಮೂವರೂ ಒಟ್ಟಿಗೆ ಬಾರಿಸಿದ್ದನ್ನು ಹಾಗೇ ಹಿಡಿದು, ಆಮೇಲೆ ಬೇಕಾದ ಕಡೆ ಮಾತ್ರ ಗಿಟಾರ್ ಸೇರಿಸಿದರು.

ಈ ವೇಗವನ್ನು ನೋಡಿ “ಒರಟು ಎಂದರೆ ಗಡಿಬಿಡಿ” ಎಂದುಕೊಳ್ಳುವವರೇ ಹೆಚ್ಚು. ಅವರು ಬಿಟ್ಟುಬಿಡುವ ಸಂಗತಿ ಒಂದಿದೆ. ಹಲವು ಹಾಡುಗಳನ್ನು ಬ್ಯಾಂಡ್ 1992ರ ಅಕ್ಟೋಬರಿನಲ್ಲಿ ಸಿಯಾಟಲ್‌ನಲ್ಲಿ, 1993ರ ಜನವರಿಯಲ್ಲಿ ಬ್ರೆಜಿಲ್ಲಿನ ರಿಯೋದಲ್ಲಿ ಆಗಲೇ ಡೆಮೊ ಮಾಡಿ ನೋಡಿತ್ತು. ಸ್ಟುಡಿಯೋಕ್ಕೆ ಬಂದಾಗ ಯಾವ ಹಾಡು ಎಲ್ಲಿ ನಿಲ್ಲುತ್ತದೆ ಎಂಬ ಚರ್ಚೆ ಬಹುಮಟ್ಟಿಗೆ ಮುಗಿದಿತ್ತು. ನಮ್ಮಲ್ಲಿ ಆಗುವುದು ಇದರ ಉಲ್ಟಾ: ಗಂಟೆ ಲೆಕ್ಕದ ಬಾಡಿಗೆ ಓಡುತ್ತಿರುವಾಗ ಚರಣ ಎರಡು ಸಲವೋ ಮೂರು ಸಲವೋ ಎಂದು ಕೂತು ಮಾತಾಡುವುದು. ರೆಕಾರ್ಡಿಂಗಿಗೆ ಮೂರು ವಾರ ಮೊದಲೇ ಎಲ್ಲ ಹಾಡುಗಳನ್ನೂ ಪ್ರಾಕ್ಟೀಸ್ ಕೋಣೆಯಲ್ಲಿ ಫೋನಿನಲ್ಲೇ ಹಿಡಿದು, ಪ್ರತಿ ಹಾಡಿನ ಲಯ ಮತ್ತು ರಚನೆಯನ್ನು ಒಂದು ಹಾಳೆಗೆ ಬರೆದು, ಆಮೇಲೆ ಮುಟ್ಟಬಾರದು. ಫೀಡ್‌ಬ್ಯಾಕಿಗೂ, ಅಂದರೆ ಸ್ಪೀಕರಿನ ದನಿ ಗಿಟಾರಿಗೆ ಮರಳಿ ಬಂದು ಏಳುವ ಕೂಗಿಗೂ, ಇದೇ ಶಿಸ್ತು. ಗಿಟಾರ್ ಆಂಪ್ಲಿಫೈಯರಿನಿಂದ ಎಷ್ಟು ದೂರದಲ್ಲಿ, ಯಾವ ಕಡೆ ಮುಖ ಮಾಡಿದರೆ ಯಾವ ಸ್ವರ ಕೂಗುತ್ತದೆ ಎಂದು ನೋಡಿಕೊಂಡು ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಅರ್ಧ ಅಡಿ ಸರಿದರೂ ಬೇರೆ ಸ್ವರ ಎದ್ದುಬರುತ್ತದೆ, ಎರಡನೇ ಟೇಕಿಗೆ ಮೊದಲಿನದು ಸಿಗುವುದಿಲ್ಲ.

ಆಲ್ಬಿನಿಯ ಕೆಲಸದ ತಿರುಳು ಡ್ರಮ್ಮಿನಲ್ಲಿದೆ. ಡೇವ್ ಗ್ರೋಲ್‌ನ ಡ್ರಮ್ಮಿನ ಸುತ್ತ ಸುಮಾರು 30 ಮೈಕ್ ಇಟ್ಟಿದ್ದ. ಎರಡು ಹಾಡುಗಳಿಗೆ ಡ್ರಮ್ ಸೆಟ್ಟನ್ನು ಪಕ್ಕದ ಅಡುಗೆಮನೆಗೇ ಸಾಗಿಸಿದ್ದರು, ಅಲ್ಲಿನ ಗೋಡೆ ನೆಲಗಳ ಮಾರ್ದನಿ ಬೇಕೆಂದು. ಯಂತ್ರದ ರಿವರ್ಬ್ (ಕೃತಕ ಮಾರ್ದನಿ) ಬದಲು ಕೋಣೆಯ ದನಿಯನ್ನೇ ಹಿಡಿಯುವುದು ಅವನ ಪದ್ಧತಿಯಾಗಿತ್ತು: ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಓಮ್ನಿ ಮೈಕುಗಳನ್ನು ಡ್ರಮ್ಮಿನಿಂದ ದೂರ, ನೆಲಕ್ಕೆ ತಾಗಿಸಿ ಇಟ್ಟು, ಆ ಚಾನಲ್ಲುಗಳನ್ನು ಕೆಲವು ಮಿಲಿಸೆಕೆಂಡ್ ತಡವಾಗಿಸುವುದು. ದನಿ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಮೂರು ಮೀಟರ್ ದೂರದ ಮೈಕಿಗೆ 10 ಮಿಲಿಸೆಕೆಂಡ್ ಹೆಚ್ಚು ತಡ ಸೇರಿಸಿದರೆ ಕಿವಿಗೆ ಅದು ಆರೂವರೆ ಮೀಟರ್ ದೂರದ್ದು ಎನಿಸುತ್ತದೆ. ಸಣ್ಣ ಕೋಣೆ ದೊಡ್ಡದಾಗುವ ಬಗೆ ಇದು.

ಬೆಳಗಾವಿಯಲ್ಲಿ 30 ಮೈಕ್ ಬೇಕಿಲ್ಲ. ಎಂಟು ಚಾನಲ್ಲಿನ ಒಂದು ಇಂಟರ್‌ಫೇಸ್ ಸಾಕು: (ಮೈಕಿನ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ ಅದು) ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿಗೆ ಒಂದು, ಸ್ನೇರ್ ಡ್ರಮ್ಮಿಗೆ ಒಂದು, ಮೇಲೆ ಎರಡು, ನೆಲದಲ್ಲಿ ಕೋಣೆಗೆಂದು ಎರಡು, ಗಿಟಾರಿಗೆ ಒಂದು, ಬೇಸಿಗೆ ಒಂದು. ಗಾಯನ ಆಮೇಲೆ. 24 ಬಿಟ್, 48 ಕಿಲೋಹರ್ಟ್ಜ್; ಮಟ್ಟ ಸರಾಸರಿ ಮೈನಸ್ 18 ಡೆಸಿಬೆಲ್ಲಿನ ಆಸುಪಾಸು ಇರಲಿ, ಏಟು ಬಿದ್ದಾಗಲೂ ಮೈನಸ್ 6 ದಾಟದಿರಲಿ. ಒರಟುತನ ಆಂಪ್ಲಿಫೈಯರಿನಲ್ಲಿ ಹುಟ್ಟಬೇಕು, ಇಂಟರ್‌ಫೇಸಿನ ಕೆಂಪು ದೀಪದಲ್ಲಿ ಅಲ್ಲ. ಅಲ್ಲಿ ಕತ್ತರಿಸಿಹೋದ ದನಿಯನ್ನು ಮರಳಿ ತರಲಾಗುವುದಿಲ್ಲ.

ಕೋಣೆಯದೇ ದೊಡ್ಡ ತಕರಾರು. ಶಹಾಪುರ, ಟಿಳಕವಾಡಿ ಕಡೆಯ ಹಳೆ ಮನೆಗಳ ಹಂಚಿನ ಮಾಡು, ಶಹಾಬಾದಿ ಫರಸಿ ನೆಲ ಡ್ರಮ್ಮಿಗೆ ಚೊಲೋ. ಮಾಡು ಇಳಿಜಾರಾಗಿರುವುದರಿಂದ ದನಿ ಒಂದೇ ದಾರಿಯಲ್ಲಿ ಹೋಗಿಬಂದು ಮಾಡುವುದಿಲ್ಲ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದೂ ಟ್ರ್ಯಾಕಿನೊಳಗೆ ಬರುತ್ತದೆ. ಆರ್‌ಸಿಸಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ “ಟರ್ರ್” ಎಂದು ಬಾಲ ಉಳಿಯುತ್ತದೆ. ಅದಕ್ಕೆ ಮೊಟ್ಟೆ ಟ್ರೇ ಅಂಟಿಸುವುದು ದಂಡ. ಅದು ಮೇಲಿನ ಸ್ವರಗಳನ್ನಷ್ಟೇ ತಿಂದು ಕೋಣೆಯನ್ನು ಮಂಕು ಮಾಡುತ್ತದೆ. ಎದುರುಬದುರು ಗೋಡೆಗಳಲ್ಲಿ ಒಂದಕ್ಕೆ ಮಾತ್ರ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಹತ್ತಿಯ ಗಾದಿ ನಿಲ್ಲಿಸಿ. ನೆಲ ಬರಿದೇ ಇರಲಿ. ಗಣೇಶೋತ್ಸವದ ದಿನಗಳಲ್ಲಿ ಊರೊಳಗೆ ಬುಕಿಂಗ್ ಬೇಡವೇ ಬೇಡ. ವಿಸರ್ಜನೆ ಮೆರವಣಿಗೆ ರಾತ್ರಿಯಿಡೀ ನಡೆಯುವ ಊರಿದು, ಆ ಡಾಲ್ಬಿ ಎನ್ನುವ ದೊಡ್ಡ ಸ್ಪೀಕರುಗಳ ಸದ್ದಿಗೆ ಯಾವ ಗಾದಿಯೂ ಅಡ್ಡ ಬರುವುದಿಲ್ಲ.

ವಿದ್ಯುತ್ತಿನ ಗುಂಯ್‌ಗುಡುವಿಕೆ ಇನ್ನೊಂದು. ಗಿಟಾರಿನ ಗೇನ್ ಏರಿಸಿದಷ್ಟೂ 50 ಮತ್ತು 100 ಹರ್ಟ್ಜ್‌ನ ಗುಂಯ್ ದೊಡ್ಡದಾಗುತ್ತದೆ. ಉದ್ಯಮಬಾಗದಂಥ ಕಾರ್ಖಾನೆ ಪ್ರದೇಶದ ಹತ್ತಿರ ವೋಲ್ಟೇಜ್ ಏರಿಳಿತವೂ ಸೇರುತ್ತದೆ. ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಎಳೆಯಿರಿ, ಲ್ಯಾಪ್‌ಟಾಪನ್ನು ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿ, ಬೇಸ್ ಗಿಟಾರಿನ ನೇರ ಲೈನಿಗೆ ಗ್ರೌಂಡ್ ಲಿಫ್ಟ್ (ಆ ಲೈನಿನ ಗ್ರೌಂಡ್ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್, ಅಂದರೆ ಗಿಟಾರನ್ನು ನೇರ ಇಂಟರ್‌ಫೇಸಿಗೆ ಹೊಂದಿಸುವ ಡಬ್ಬಿ, ಹಾಕಿ. ಗುಂಯ್ ಹೋಗಲೆಂದು ಆಂಪ್ಲಿಫೈಯರಿನ ಮೂರನೇ ಪಿನ್ ಮುರಿಯುವ ಚಾಳಿ ಕೆಲವರಿಗಿದೆ. ತಂತಿಯ ಮೇಲೆ ಕೈ, ಮೈಕಿಗೆ ತುಟಿ: ಅರ್ಥಿಂಗ್ ಇಲ್ಲದಿದ್ದರೆ ಅದು ಜೀವಕ್ಕೇ ಕುತ್ತು.

ಆಕ್ಷೇಪ ಬಂದದ್ದು ಎಲ್ಲಿಂದ

ಟೇಪು ಕೇಳಿದ ರೆಕಾರ್ಡ್ ಕಂಪನಿಯವರಿಗೂ ಮ್ಯಾನೇಜರುಗಳಿಗೂ ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ಶಿಕಾಗೋ ಟ್ರಿಬ್ಯೂನ್‌ನಲ್ಲಿ, ಕಂಪನಿ ಇದನ್ನು ಬಿಡುಗಡೆ ಮಾಡುವುದೇ ಅನುಮಾನ ಎಂಬ ಆಲ್ಬಿನಿಯ ಮಾತು ಅಚ್ಚಾಯಿತು. ನ್ಯೂಸ್‌ವೀಕ್ ಅದನ್ನು ಮುಂದುವರಿಸಿತು. ಬ್ಯಾಂಡ್ ನ್ಯೂಸ್‌ವೀಕ್‌ಗೆ ಪ್ರತಿಭಟನೆಯ ಪತ್ರ ಬರೆದು, ಅದನ್ನೇ ಬಿಲ್‌ಬೋರ್ಡ್‌ನಲ್ಲಿ ಪೂರ್ತಿ ಪುಟದ ಜಾಹೀರಾತಾಗಿ ಹಾಕಿಸಿತು. ಕಂಪನಿ ನಮ್ಮ ಮೇಲೆ ಒತ್ತಡ ಹೇರಿಲ್ಲ ಎಂಬುದು ಅದರ ಸಾರ. ಹೀಗೆ ಆಲ್ಬಮ್ ಅಂಗಡಿಗೆ ಬರುವ ಐದು ತಿಂಗಳ ಮುಂಚೆಯೇ, ಒಂದು ಹಾಡೂ ಕೇಳದ ಜನರಿಗೂ ಇದು “ಕೇಳಲಾಗದ ಆಲ್ಬಮ್” ಎಂದು ಗೊತ್ತಾಗಿಹೋಗಿತ್ತು.

ಈ ಗಲಾಟೆಯಲ್ಲಿ ಮುಚ್ಚಿಹೋದ ಸಂಗತಿ: ಅನುಮಾನ ಬ್ಯಾಂಡಿಗೂ ಇತ್ತು. ಬೇಸ್ ಹಿಂದೆ ಬಿದ್ದಿದೆ, ಸಾಹಿತ್ಯ ಕೇಳುತ್ತಿಲ್ಲ. ಆಲ್ಬಿನಿಗೆ ಮತ್ತೆ ಮಿಕ್ಸ್ ಮಾಡೆಂದು ಕೇಳಿದರು, ಇದಕ್ಕಿಂತ ಚೊಲೋ ಮಾಡಲಾರೆ ಎಂದು ಅವನು ಒಪ್ಪಲಿಲ್ಲ. ಆಂಡಿ ವಾಲೆಸ್‌ನನ್ನೇ ಕರೆಸುವ ಮಾತೂ ಬಂದು ಹೋಯಿತು. ಕೊನೆಗೆ ಆದದ್ದು ಇಷ್ಟು. ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಎಂಬ ಎರಡು ಹಾಡುಗಳನ್ನು ಆರ್‌ಇಎಂ ಬ್ಯಾಂಡಿನ ನಿರ್ಮಾಪಕ ಸ್ಕಾಟ್ ಲಿಟ್ 1993ರ ಮೇ ತಿಂಗಳಲ್ಲಿ ಸಿಯಾಟಲ್‌ನಲ್ಲಿ ಮತ್ತೆ ಮಿಕ್ಸ್ ಮಾಡಿದ. ಮೊದಲನೆಯದಕ್ಕೆ ಅಕೌಸ್ಟಿಕ್ ಗಿಟಾರ್, ಹಿನ್ನೆಲೆ ದನಿ ಸೇರಿಸಿದರು. ಗಿಟಾರ್ ಸೋಲೋ ಮೇಲಿದ್ದ ಎಫೆಕ್ಟ್ ಬೇಸ್ ವಾದಕ ಕ್ರಿಸ್ಟ್ ನೊವೊಸೆಲಿಕ್‌ಗೆ ಮೊದಲಿಂದಲೂ ಆಗುತ್ತಿರಲಿಲ್ಲ, ಅದನ್ನು ತೆಗೆದರು. ಉಳಿದ ಹಾಡುಗಳ ಮಿಕ್ಸ್ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬಾಬ್ ಲಡ್ವಿಗ್ ಮಾಸ್ಟರಿಂಗ್ (ಮಿಕ್ಸ್ ಆದ ಮೇಲಿನ ಕೊನೆಯ ಹದ) ಮಾಡುವಾಗ ಬೇಸನ್ನು ಸ್ಪಷ್ಟಗೊಳಿಸಿದರು, ಗಾಯಕನ ದನಿಯನ್ನು ಸುಮಾರು 3 ಡೆಸಿಬೆಲ್ ಏರಿಸಿದರು.

3 ಡೆಸಿಬೆಲ್ ಎಂದರೆ ಶಕ್ತಿಯ ಲೆಕ್ಕದಲ್ಲಿ ಎರಡು ಪಟ್ಟು, ಕಿವಿಗೆ ಒಂದು ಸಣ್ಣ ಹೆಜ್ಜೆ. ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಪತ್ರಿಕೆ, ಜಾಹೀರಾತು, ಕಂಪನಿಯ ಹೇಳಿಕೆ ಎಲ್ಲ ಆಗಿ ತಿದ್ದಿದ್ದು ಈ ಸಣ್ಣ ಹೆಜ್ಜೆ, ಒಂದಿಷ್ಟು ಬೇಸ್, ಎರಡು ಹಾಡು. ಗದ್ದಲವನ್ನು ಯಾರೂ ತೆಗೆಯಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ. ಗಾಯಕ ಎಲ್ಲಿ ನಿಂತಿದ್ದಾನೆ ಎಂಬುದೊಂದೇ ತಕರಾರು. ತಿದ್ದಿಸಿಕೊಂಡ ಬ್ಯಾಂಡಿನದೂ ತಪ್ಪಿಲ್ಲ, ತಿದ್ದಲಾರೆ ಎಂದ ಆಲ್ಬಿನಿಯದೂ ಇಲ್ಲ. ಅದನ್ನು ಪತ್ರಿಕೆಗೆ ಒಯ್ದದ್ದೇ ಕೆಟ್ಟದ್ದು ಎಂಬುದು ನಮ್ಮ ಅಭಿಪ್ರಾಯ.

ಬೇಸ್ ಮತ್ತು ದನಿ ಕಳೆದುಹೋಗುವ ಬಗೆ

ನಮ್ಮ ಮಿಕ್ಸಿಂಗ್ ಕೋಣೆಗಳು ಬಹುತೇಕ 10 ಅಡಿಗೆ 12 ಅಡಿ, ಎತ್ತರ 10 ಅಡಿ. 10 ಅಡಿ ಅಂತರದ ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್ ತಾನಾಗಿ ಉಬ್ಬುತ್ತದೆ, 12 ಅಡಿಗೆ ಸುಮಾರು 47. ಅಗಲವೂ ಎತ್ತರವೂ ಒಂದೇ ಆದ್ದರಿಂದ 56 ಎರಡು ಕಡೆಯಿಂದ ಬಂದು ಕೂಡುತ್ತದೆ. ಬೇಸ್ ಗಿಟಾರಿನ ಎ ತಂತಿಯನ್ನು ಖಾಲಿ ಮೀಟಿದರೆ ಬರುವುದು 55. ಹಾಗಾಗಿ ಆ ಸ್ವರ ಬಂದಾಗಲೆಲ್ಲ ಕೋಣೆ ಗುಮ್ಮೆನ್ನುತ್ತದೆ, ಮಿಕ್ಸ್ ಮಾಡುವವನು ಬೇಸ್ ಇಳಿಸುತ್ತಾನೆ. ಅದೇ ಹಾಡನ್ನು ಹೊರಗೆ ಕೇಳಿದರೆ ಬೇಸೇ ಇಲ್ಲ. ಒಟ್ಟು ಮಟ್ಟ ಇಳಿಸುವ ಬದಲು ಕೂರುವ ಕುರ್ಚಿಯನ್ನು ಕೋಣೆಯ ಉದ್ದದ ನಟ್ಟನಡುವಿನಿಂದ ಸರಿಸಿ, ಮೂಲೆಗಳಿಗೆ ದಪ್ಪ ಗಾದಿ ತುಂಬಿ, ಬೇಸನ್ನು ಹೆಡ್‌ಫೋನಿನಲ್ಲಿ ಇನ್ನೊಮ್ಮೆ ತೂಗಿನೋಡಿ. ನೇರ ಲೈನು ಮತ್ತು ಆಂಪ್ಲಿಫೈಯರ್ ಮೈಕ್ ಎರಡನ್ನೂ ಹಿಡಿದಿದ್ದರೆ ಒಂದರ ಫೇಸ್ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗಾಗಿಸಿ, ಕೇಳಿ. ಯಾವುದರಲ್ಲಿ ದಪ್ಪವಾಗಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಫೋನಿನ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಕೇಳುಗರು ಮೊದಲು ಕೇಳುವುದೇ ಫೋನಿನಲ್ಲಾದ್ದರಿಂದ, ಬೇಸಿಗೆ ತುಸು ಡಿಸ್ಟಾರ್ಶನ್ (ಬೇಕೆಂದೇ ತರುವ ಒಡಕು) ಕೊಟ್ಟು 700ರಿಂದ 1000 ಹರ್ಟ್ಜ್ ನಡುವೆ ಹಲ್ಲು ಮೂಡಿಸಬೇಕು.

ದನಿಯ ವಿಷಯ ಇನ್ನೂ ಸೂಕ್ಷ್ಮ. ಮಾತು ತಿಳಿಯುವುದು ವ್ಯಂಜನಗಳಿಂದ, ಅವುಗಳ ಸುಳಿವು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಜ್‌ನಲ್ಲಿ. ಡಿಸ್ಟಾರ್ಶನ್ ಗಿಟಾರ್ ಕಾಲು ಚಾಚಿ ಕೂರುವ ಜಾಗವೂ ಅದೇ. ದನಿಯನ್ನು 3 ಡೆಸಿಬೆಲ್ ಏರಿಸುವ ಮೊದಲು ಗಿಟಾರನ್ನು 2.5 ಕಿಲೋಹರ್ಟ್ಜ್ ಆಸುಪಾಸು 2 ಡೆಸಿಬೆಲ್ ಇಳಿಸಿ ನೋಡಿ. ಬಹಳ ಸಲ ಅಷ್ಟೇ ಸಾಕು, ಗಿಟಾರಿನ ಉಗ್ರತೆಯೂ ಹೋಗುವುದಿಲ್ಲ. ಕೂಗುವಾಗ ದೀರ್ಘ ಹ್ರಸ್ವ ಒಂದಾಗಿ, ಟ-ಡ ಮೆತ್ತಗಾದರೆ ಮಿಕ್ಸಿಂಗಿನಲ್ಲಿ ಮದ್ದಿಲ್ಲ. ಅದನ್ನು ಹಾಡುವಾಗಲೇ ತಿದ್ದಬೇಕು. ಮೆಲ್ಲಗೆ ಹಾಡುವುದನ್ನೂ ಕೂಗುವುದನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ, ಬೇರೆ ಗೇನಿನಲ್ಲಿ ಹಿಡಿಯಿರಿ. ಪರೀಕ್ಷೆಯೂ ಸುಲಭ: ಹಾಡು ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಕೇಳಿದ್ದನ್ನು ಬರೆಯಲು ಹೇಳಿ. ಬ್ಯಾಂಡಿನವರಿಗೆ ಸಾಹಿತ್ಯ ಬಾಯಿಪಾಠ, ಅವರ ಕಿವಿಗೆ ಎಲ್ಲವೂ ಸ್ಪಷ್ಟ.

ಒಂದು ಚರಣದ ದನಿ ಬೇಕೆಂದೇ ಹರಿದಂತಿರಬೇಕೆಂದರೆ ಪೆಂಡಾಲಿನವರ ಭೋಂಗಾ (ಹಾರ್ನ್ ಸ್ಪೀಕರ್) ಇದೆ. ಹಾಡಿದ ಟ್ರ್ಯಾಕನ್ನು ಸಣ್ಣ ಆಂಪ್ಲಿಫೈಯರ್ ಮೂಲಕ ಅದರಲ್ಲಿ ನುಡಿಸಿ, ಒಂದು ಮೀಟರ್ ದೂರ, ಬಾಯಿಗೆ ನೇರವಾಗಿ ಅಲ್ಲದೆ ತುಸು ಓರೆಯಾಗಿ ಮೈಕ್ ಇಟ್ಟು ಮತ್ತೆ ಹಿಡಿಯಿರಿ. ಕಳಿಸುವ ಮೊದಲು 300 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ, ಇಲ್ಲವಾದರೆ ಯೂನಿಟ್ಟಿನ ಪೊರೆ ಹರಿಯುತ್ತದೆ. ಮೂಲ ದನಿಯನ್ನು ಅಡಿಯಲ್ಲಿ ಸಣ್ಣಗೆ ಉಳಿಸಿ, ಮಾತು ಅದರಲ್ಲಿ ಕೇಳಲಿ.

ಮಾಸ್ಟರಿಂಗಿನಲ್ಲಿ ದನಿ ಏರಿಸುವುದು ಲಡ್ವಿಗ್‌ನಂಥವರ ಕೈಗೂ ಇಕ್ಕಟ್ಟಿನ ಕೆಲಸ. ದನಿಯ ಜೊತೆ ಸ್ನೇರೂ ಗಿಟಾರೂ ಮೇಲೇಳುತ್ತವೆ. ಅದರ ಬದಲು ಮಿಕ್ಸ್ ಮುಗಿದ ದಿನವೇ ನಾಲ್ಕು ಪ್ರತಿ ತೆಗೆದಿಡಿ: ಇದ್ದಂತೆ ಒಂದು, ದನಿ 1.5 ಡೆಸಿಬೆಲ್ ಮೇಲೆ ಒಂದು, ಬೇಸ್ 1.5 ಮೇಲೆ ಒಂದು, ದನಿಯಿಲ್ಲದ್ದು ಒಂದು. ಹತ್ತು ನಿಮಿಷದ ಕೆಲಸ. ಕೇಳಲು ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ನೋಟ್ ಮಾಡಿ ಕಳಿಸಿದ್ದನ್ನು ಕೇಳಿದವರ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಆದರೆ ಹರಡುವುದು ಅದೇ.

ಬಿಡುಗಡೆಯ ನಂತರ

ಅಮೆರಿಕದಲ್ಲಿ ಆಲ್ಬಮ್ ಅಂಗಡಿಗೆ ಬಂದದ್ದು 1993ರ ಸೆಪ್ಟೆಂಬರ್ 21. ಮೊದಲ ವಾರ ಸುಮಾರು 1,80,000 ಪ್ರತಿ ಹೋಗಿ ನೇರ ಒಂದನೇ ಸ್ಥಾನಕ್ಕೇರಿತು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ವಿಲೇಜ್ ವಾಯ್ಸ್ ಪತ್ರಿಕೆ ನಡೆಸುತ್ತಿದ್ದ ವಿಮರ್ಶಕರ ವಾರ್ಷಿಕ ಮತದಾನದಲ್ಲಿ ಅದು ಎರಡನೆಯದು, ಮೊದಲನೆಯದು ಲಿಜ್ ಫೇರ್‌ನದು. ರೇಡಿಯೋ ಸಿಂಗಲ್ಲುಗಳಾಗಿ ಹೋದದ್ದು ಲಿಟ್ ತಿದ್ದಿದ ಆ ಎರಡು ಹಾಡುಗಳೇ, ಎರಡೂ ಮಾಡರ್ನ್ ರಾಕ್ ಪಟ್ಟಿಯಲ್ಲಿ ಒಂದನೇ ಸ್ಥಾನ ಮುಟ್ಟಿದವು. ಬಾಗಿಲಿಗೆ ಆ ಎರಡನ್ನು ನಿಲ್ಲಿಸಿದ್ದರಿಂದಲೇ ಒಳಗಿನ ಉಳಿದ ಕರ್ಕಶಕ್ಕೆ ಕೇಳುಗರು ಸಿಕ್ಕಿದರು ಎಂದು ನಮ್ಮ ಎಣಿಕೆ. ವಾಲ್‌ಮಾರ್ಟ್, ಕೆಮಾರ್ಟ್ ಮೊದಲು ಮಾರಲು ಒಪ್ಪಲಿಲ್ಲ. 1994ರ ಮಾರ್ಚ್‌ನಲ್ಲಿ ಹಿಂಬದಿಯ ಚಿತ್ರ ಬದಲಿಸಿ, ಒಂದು ಹಾಡಿನ ಹೆಸರು ತಿದ್ದಿದ ಪ್ರತಿ ಅವರಿಗೆಂದೇ ಬಂತು. ಅಂತೂ ಅಮೆರಿಕವೊಂದರಲ್ಲೇ ಮಾರಾಟ 50 ಲಕ್ಷ ದಾಟಿತು. ‘ನೆವರ್‌ಮೈಂಡ್’ ದಾಟಿದ್ದು ಒಂದು ಕೋಟಿ. ಅರ್ಧಕ್ಕಿಳಿಯಿತೆಂದು ಸೋಲು ಎನ್ನಬಹುದು, ಆದರೆ ಹಾಗೆನ್ನುವವರು ಈ ಬಗೆಯ ದನಿಯ ಬೇರೆ ಆಲ್ಬಮ್ಮುಗಳ ಮಾರಾಟ ಎಷ್ಟಿತ್ತೆಂದು ಒಮ್ಮೆ ನೋಡಲಿ.

2013ರಲ್ಲಿ, 20 ವರ್ಷದ ಆವೃತ್ತಿಗೆ ಆಲ್ಬಿನಿಯೇ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದ. ಅದು ಸಾಧ್ಯವಾದದ್ದು ಮೂಲ ಟೇಪುಗಳು ಉಳಿದಿದ್ದರಿಂದ. ನಮ್ಮಲ್ಲಿ ಬಿಡಿ ಟ್ರ್ಯಾಕುಗಳು ಯಾರವು ಎಂಬುದೇ ಇತ್ಯರ್ಥವಾಗಿರುವುದಿಲ್ಲ. ಕೆಲಸಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ: ಒಟ್ಟು ಹಣ ಎಷ್ಟು, ಅದರಲ್ಲಿ ಎಷ್ಟು ಸಲ ತಿದ್ದುಪಡಿ, ಕೊನೆಯ ಮಾತು ಯಾರದು, ಬಿಡುಗಡೆಗೆ ಮುಂಚೆ ಹೊರಗೆ ಯಾರು ಮಾತಾಡಬೇಕು, ಬಿಡಿ ಟ್ರ್ಯಾಕುಗಳು ಯಾರ ಕೈಗೆ. ನಾಲ್ಕು ನಿಮಿಷದ ಹಾಡಿನ ಒಂದು ಟ್ರ್ಯಾಕ್ ಸುಮಾರು 35 ಎಂಬಿ, ಎಂಟು ಟ್ರ್ಯಾಕಿಗೆ 280ರ ಹತ್ತಿರ. ಹನ್ನೆರಡು ಹಾಡು, ಹಾಡಿಗೆ ನಾಲ್ಕು ಟೇಕ್ ಎಂದರೂ ಹದಿನಾಲ್ಕು ಜಿಬಿಯೊಳಗೆ ಮುಗಿಯಿತು. ಎಲ್ಲ ಟ್ರ್ಯಾಕುಗಳೂ ಒಂದೇ ಸೊನ್ನೆಯಿಂದ ಶುರುವಾಗುವ ಡಬ್ಲ್ಯೂಎವಿ ಫೈಲುಗಳಾಗಿರಲಿ, ಹೆಸರಿನಲ್ಲಿ ಹಾಡು, ವಾದ್ಯ, ಟೇಕ್ ಸಂಖ್ಯೆ ಇರಲಿ. ಎರಡು ಡ್ರೈವ್, ಒಂದು ಬ್ಯಾಂಡಿನ ಹತ್ತಿರ, ಇನ್ನೊಂದು ಬೇರೆ ಮನೆಯಲ್ಲಿ.